ಹಳದಿ ಮನೆಗಳ ಮೊತ್ತ

ಹಾಜರಿ ಪಟ್ಟಿಯ ಇನ್ನೂರ ಐವತ್ತೈದು ಹಳದಿ ಮನೆಗಳನ್ನು ಕೂಡಿಸಿಕೊಂಡ ಎಕ್ಸೆಲ್, ಅದರ ಮುಂದಿನದಕ್ಕೆ ಮುಷ್ಕರ ಹೂಡಿತು. ಸೂತ್ರದಲ್ಲಿ ಇನ್ನು ಜಾಗವಿಲ್ಲವಂತೆ. ಆಸ್ಪತ್ರೆಯ ಗುಮಾಸ್ತ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಊಟದ ಹೊತ್ತು ದಾಟಿ ಒಂದು ಗಂಟೆಯಾಗಿತ್ತು.

ಇದೆಲ್ಲ ಮೇಟ್ರನ್ ಅವರ ಕೃಪೆ. ಯಾರಾದರೂ ಪಾಳಿ ಮುಗಿದ ಮೇಲೂ ದುಡಿದರೆ ಆ ಗಂಟೆಗಳ ಮನೆಗೆ ಹಳದಿ ಬಳಿಯುವುದು ಅವರ ಪದ್ಧತಿ. ಹಳದಿಯನ್ನಷ್ಟೇ ಕೂಡಿಸು ಎಂದರೆ ಯಂತ್ರಕ್ಕೆ ತಿಳಿಯುವುದಿಲ್ಲ. ಒಂದೊಂದನ್ನೇ ಹುಡುಕಿ ಒತ್ತುವ ಗ್ರಹಚಾರ ಗುಮಾಸ್ತನದು.

ಎದುರಿನ ಸ್ಟೂಲಿನಲ್ಲಿ ವಾರ್ಡಿನ ಆಯಾ ಕುಳಿತಿದ್ದಳು. ಪರದೆಯ ಮೇಲಿದ್ದದ್ದು ಅವಳದೇ ನಾಲ್ಕು ವರ್ಷದ ಹಾಜರಿ. ಅವಳ ಗಂಡನಿಗೆ ಸೊಂಟದ ಆಪರೇಷನ್ ಆಗಿತ್ತು. ಮೂರು ತಿಂಗಳು ದಿನಾ ಯಾರಾದರೂ ಹಿಡಿದು ನಡೆಸದಿದ್ದರೆ ಮತ್ತೆ ನಡೆಯುವುದು ಕಷ್ಟ ಎಂದಿದ್ದರು ಡಾಕ್ಟರು. ಹೆಚ್ಚು ದುಡಿದ ಎಂಟು ಗಂಟೆಗೆ ಒಂದು ದಿನ ರಜೆ. ನಾಲ್ಕು ವರ್ಷ ಅದನ್ನು ಬಾಯಿಬಿಟ್ಟು ಕೇಳದವಳು ಇವತ್ತು ಅದನ್ನೇ ನಂಬಿಕೊಂಡು ಬಂದಿದ್ದಳು.

"ಏನಾಯ್ತಣ್ಣ, ನಿಂತೋಯ್ತಾ?"

"ಇದರ ಬಾಯಿ ಇಷ್ಟೇ ಅಕ್ಕ. ಒಂದೇ ಸಲ ತುರುಕಿದ್ರೆ ನುಂಗಲ್ಲ."

"ತುತ್ತು ಮಾಡಿ ತಿನ್ನಿಸಿ ಮತ್ತೆ. ವಾರ್ಡಲ್ಲಿ ನಾನು ಮಾಡೋದು ಅದೇ ಅಲ್ವಾ?"

ಗುಮಾಸ್ತನಿಗೆ ಅದು ಹೊಳೆದಿರಲಿಲ್ಲವೆಂದಲ್ಲ, ಮತ್ತೆ ಮೊದಲಿಂದ ಶುರು ಮಾಡಲು ಜೀವ ಬೇಕಲ್ಲ. ಆದರೂ ವರ್ಷಕ್ಕೊಂದರಂತೆ ನಾಲ್ಕು ಮೊತ್ತ ಮಾಡಿ, ಕೊನೆಗೆ ನಾಲ್ಕನ್ನೂ ಕೂಡಿಸಿದ. ಒಂಬೈನೂರ ಎಂಬತ್ತನಾಲ್ಕು ಗಂಟೆ. ಅಂದರೆ ನೂರ ಇಪ್ಪತ್ತಮೂರು ದಿನ. ಆಯಾಳ ಮುಖ ಅರಳಿತು. ಗುಮಾಸ್ತನದು ಅರಳಲಿಲ್ಲ, ಅವನಿಗೆ ನಿಯಮ ಗೊತ್ತಿತ್ತು.

"ಒಂದು ಅರ್ಜಿಗೆ ಮೂವತ್ತೇ ದಿನ ಅಕ್ಕ. ನಮ್ಮ ಸಾಹೇಬ್ರ ಬಾಯೂ ಇಷ್ಟೇ."

ಗುಮಾಸ್ತ ಆಯಾಳ ಒರಟು ಕೈಗಳನ್ನು ನೋಡಿ, ಡ್ರಾಯರ್ ಎಳೆದು ಮೂರು ಅರ್ಜಿ ತೆಗೆದ.

"ಸಾಹೇಬ್ರಿಗೂ ತುತ್ತು ಮಾಡೇ ತಿನ್ನಿಸೋಣ. ಆದ್ರೆ ಒಂದು ಅರ್ಜಿ ಮುಗಿದ ಮೇಲೆ ಒಂದಿನ ಬಂದು ಡ್ಯೂಟಿ ಮಾಡಿದ್ರೇನೇ ಇನ್ನೊಂದು ನಡೆಯೋದು. ಆ ಎರಡು ದಿನ ನಿಮ್ಮ ಯಜಮಾನ್ರನ್ನ ಯಾರು ನೋಡ್ಕೋತಾರೆ?"

ಆಯಾ ಪೆನ್ನು ತೆಗೆದುಕೊಂಡಳು. ಪರದೆಯ ಮೇಲಿನ ಹಳದಿಯತ್ತ ಒಮ್ಮೆ ಕಣ್ಣು ಹಾಯಿಸಿದಳು.

"ಇದರಲ್ಲಿ ಎಷ್ಟು ಹಳದಿ ಇದೆಯೋ ಅಷ್ಟು ಸಂಜೆ ಒಬ್ರೇ ನನಗೆ ಕಾದು ಕೂತಿದ್ದಾರೆ ಅಣ್ಣ. ಇನ್ನೆರಡು ಕೂಡಿಸ್ಕೊಳ್ಳಿ."