ಮಗುಚಿ ಬಿದ್ದ ಬಾಣ

ಬಾಣ ತಪ್ಪು ದಿಕ್ಕಿಗೆ ತಿರುಗಿತ್ತು. ಅದನ್ನು ಬರೆದವನೇ ಸೈಕಲ್ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನೋಡಿದ. ಕಡಲ ದಂಡೆಯಿಂದ ಗುಡ್ಡದ ಹಳ್ಳಿಗಳಿಗೆ ಹೋಗುವ ಸೈಕಲ್ ದಾರಿಯುದ್ದಕ್ಕೂ ಬಾಣ ಬರೆಯುವುದು ಅವನ ಕೆಲಸ. ಅಷ್ಟೂ ಬಾಣಗಳಲ್ಲಿ ಇದೊಂದು ಮಾತ್ರ ಎಡಕ್ಕೆ ತೋರಿಸುವ ಬದಲು ಬಲಕ್ಕೆ ತೋರಿಸುತ್ತಿತ್ತು. ಅವತ್ತು ಹೊಟ್ಟೆ ತಾಳ ಹಾಕುತ್ತಿತ್ತು. ಆತುರದಲ್ಲಿ ತಗಡಿನ ಅಚ್ಚನ್ನು ಮಗುಚಿ ಇಟ್ಟು ಬಣ್ಣ ಬಳಿದುಬಿಟ್ಟಿದ್ದ. ಎರಡು ತಿಂಗಳಿಂದ ಸವಾರರೆಲ್ಲ ಇಲ್ಲಿ ಬಲಕ್ಕೆ ಹೊರಳಿ, ಏದುಸಿರು ಬಿಡುತ್ತ ಕಡಿದಾದ ಏರು ಹತ್ತಿ, ಯಾರದೋ ಮನೆಯ ಅಂಗಳದಲ್ಲಿ ದಾರಿಯೇ ಮುಗಿದದ್ದು ಕಂಡು ಬಾಯಿ ಬಾಯಿ ಬಿಡುತ್ತಿದ್ದರಂತೆ. "ಸಂಜೆಯೊಳಗೆ ಸರಿಮಾಡಿ ಫೋಟೊ ಕಳಿಸು. ಇಲ್ಲಾಂದ್ರೆ ನಾಳೆಯಿಂದ ಬರಬೇಡ," ಎಂದಿದ್ದರು ಮೇಲ್ವಿಚಾರಕರು.

ರಸ್ತೆ ತೊಳೆಯದೆ ಬಣ್ಣ ಹಿಡಿಯುವುದಿಲ್ಲ. ನೀರಿಗೆ ಇದ್ದದ್ದು ಆ ಮನೆಯೊಂದೇ. ಬಕೆಟ್ ಹಿಡಿದು ಏರು ಹತ್ತುವಾಗ, ಮಾಡಿದ್ದುಣ್ಣೋ ಮಹಾರಾಯ ಎಂದು ಅವನ ಮಂಡಿಗಳೇ ಹೇಳಿದವು.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಅವನ ಕೈಗಂಟಿದ ಹಳದಿ ಬಣ್ಣ ನೋಡಿದಳು. "ಕೆಳಗಿನ ಬಾಣ ಬರೆದೋರು ನೀವೇನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ. "ಹೂಂ ಅಮ್ಮ... ಅದು..."

"ನಿಮ್ಮ ಹೊಟ್ಟೆ ತಣ್ಣಗಿರ್ಲಪ್ಪ! ಯಾರೋ ಪುಣ್ಯಾತ್ಮ ಬೇಕಂತಲೇ ನಮ್ಮನೆ ಕಡೆ ಬಾಣ ಬರೆದಿದಾನೆ ಅಂತ ದಿನಾ ನೆನೆಸ್ಕೋತೀನಿ." ಅವಳು ದನಿ ತಗ್ಗಿಸಿ ಜಗಲಿಯತ್ತ ಕಣ್ಣು ತೋರಿಸಿದಳು. "ಅವನು ನನ್ನ ತಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಜಾಕ್ ಜಾರಿ ಒಂದು ಕಾಲು ಹೋಯ್ತು. ಎರಡು ವರ್ಷ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿಬಿಟ್ಟ. ಊಟಕ್ಕೆ ಕರೆದ್ರೂ ತಿರುಗ್ತಿರಲಿಲ್ಲ. ಒಂದಿನ ನಿಮ್ಮ ಬಾಣ ನಂಬ್ಕೊಂಡು ಒಂದು ಹುಡುಗಿ ಬಂದ್ಲು. ಚೈನ್ ಕಡಿದುಹೋಗಿ ಅಳ್ತಾ ಇದ್ಲು. ಇವನು ಒಳಗಿಂದ ಕೂಗಿದ: ಅಕ್ಕಾ, ಆ ಸೈಕಲ್ ಇಲ್ಲಿ ತಾ! ಅಕ್ಕಾ ಅಂದ ಕಣ್ರೀ, ಎರಡು ವರ್ಷದ ಮೇಲೆ!"

ಜಗಲಿಯಲ್ಲಿ ಊರುಗೋಲನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ತಮ್ಮ ಒಂದು ಚಕ್ರವನ್ನು ತಿರುಗಿಸಿ, ಕಿವಿಗೊಟ್ಟು ಅದರ ಸದ್ದು ಕೇಳುತ್ತಿದ್ದ. ಚಕ್ರದ ಒಡೆಯ ಚಹಾ ಕುಡಿಯುತ್ತ ಅವನಿಗೆ ಏನೋ ಹೇಳಿ ನಗಿಸುತ್ತಿದ್ದ. ತೆರೆದ ಬಾಗಿಲಿನಿಂದ ಕೋಣೆಯ ಗೋಡೆ ಕಾಣುತ್ತಿತ್ತು. ಅದಕ್ಕೆ ಸಾಲಾಗಿ ಮೊಳೆ ಹೊಡೆದು, ಚಿಕ್ಕದರಿಂದ ದೊಡ್ಡದರವರೆಗೆ ಸ್ಪ್ಯಾನರುಗಳನ್ನು ತೂಗುಹಾಕಿದ್ದರು.

ಬಾಣದವನು ಬೆನ್ನ ಹಿಂದಿದ್ದ ಕೈಗಳನ್ನು ಮುಂದಕ್ಕೆ ತಂದು ನೋಡಿಕೊಂಡ. ಇಪ್ಪತ್ತು ವರ್ಷ ನೆಟ್ಟಗೆ ಗೆರೆ ಎಳೆದದ್ದಕ್ಕೆ ಯಾರೂ ಒಂದು ಒಳ್ಳೆ ಮಾತು ಆಡಿರಲಿಲ್ಲ. ಸೊಟ್ಟಗಾದ ಒಂದೇ ಒಂದಕ್ಕೆ ಈ ತಾಯಿ ದಿನಾ ನೆನೆಯುತ್ತಿದ್ದಾಳೆ. ಅವನು ಅವಳು ಕೊಟ್ಟ ಚಹಾ ಕುಡಿದು, ನೀರು ತುಂಬಿಸಿಕೊಂಡು ಸದ್ದಿಲ್ಲದೆ ಹೊರಟ. ಜಗಲಿ ದಾಟುವಾಗ ತಮ್ಮ ಮೆಲ್ಲಗೆ ಕರೆದ.

"ಅಳಿಸೋಕೆ ಬಂದಿದೀರಿ, ಅಲ್ವಾ?"

ಅವನು ಬಕೆಟ್ ಕೆಳಗಿಟ್ಟ.

"ಈ ದಾರೀಲಿ ಕೆಟ್ಟು ನಿಂತ ಬಸ್ಸುಗಳನ್ನೆಲ್ಲ ರಿಪೇರಿ ಮಾಡಿದೋನು ನಾನು. ಬಾಣ ತಪ್ಪು ಅಂತ ಮೊದಲ ದಿನವೇ ಗೊತ್ತಾಯ್ತು. ಬರೋರು ಬೈಕೊಂಡೇ ಬರ್ತಾರೆ." ತಮ್ಮ ನಕ್ಕ. "ಅಳಿಸಿ ಅಣ್ಣ, ಪಾಪ, ಜನಕ್ಕೆ ಕಾಲು ನೋಯುತ್ತೆ. ಅಕ್ಕನಿಗೆ ನಾನೇ ನಿಧಾನಕ್ಕೆ ಹೇಳ್ತೀನಿ. ಎರಡು ತಿಂಗಳು ಕೊಟ್ರಲ್ಲ, ನಿಮ್ಮ ಉಪಕಾರ ಮರೆಯಲ್ಲ." ಹಾಗೆಂದವನು ಒಮ್ಮೆ ಒಳಗಿನ ಗೋಡೆಯ ಕಡೆ ನೋಡಿ, ಮತ್ತೆ ಚಕ್ರ ತಿರುಗಿಸಿದ.

ಕೆಳಗೆ ಬಂದು ರಸ್ತೆ ತೊಳೆದ. ತಪ್ಪು ಬಾಣದ ಮೇಲೆ ಕಪ್ಪು ಬಳಿದ. ಅಚ್ಚನ್ನು ಮೂರು ಸಲ ತಿರುಗಿಸಿ ನೋಡಿ, ಎಡಕ್ಕೆ ಬಾಣ ಬರೆದು ಫೋಟೊ ಕಳಿಸಿದ. ಸರಿ ಎಂದು ಉತ್ತರವೂ ಬಂತು. ಡಬ್ಬ ಮುಚ್ಚಿ ಹೊರಡಬೇಕಾದವನು ಉಳಿದ ಹಳದಿಯನ್ನು ಎತ್ತಿಕೊಂಡು ಬಲಗಡೆ ದಾರಿಯ ಬಾಯಲ್ಲಿ ಮಂಡಿಯೂರಿದ. ಅವನ ಪೆಟ್ಟಿಗೆಯಲ್ಲಿ ಸ್ಪ್ಯಾನರಿನ ಅಚ್ಚು ಇರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಕೈಯಾರೆ ಚಿತ್ರ ಬಿಡಿಸಿದ. ಬಾಯಿ ದೊಡ್ಡದಾಯಿತು, ಹಿಡಿಕೆ ಬಾಗಿತು.

ಅಳಿಸಿ ಇನ್ನೊಮ್ಮೆ ಬರೆಯೋಣವೆಂದು ಬಟ್ಟೆ ತೆಗೆಯುವಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಸೈಕಲ್ ತುಳಿದುಕೊಂಡು ಬಂದು ನಿಂತರು.

"ಕಡಲು ಬಿಟ್ಟು ಇಷ್ಟು ಮೇಲೆ ಬಂದ್ವಿ, ಇಲ್ಲೂ ಮೀನಾ?" ಎಂದಳು ಹೆಂಡತಿ.

"ಸ್ಪ್ಯಾನರ್ ಅಮ್ಮ ಅದು. ಮೇಲೊಬ್ಬ ಮೆಕ್ಯಾನಿಕ್ ಇದಾನೆ. ಚಕ್ರದ ಸದ್ದು ಕೇಳೇ ರೋಗ ಹೇಳ್ತಾನೆ."

"ನಮ್ಮ ಸೈಕಲ್‌ಗೇನೂ ಆಗಿಲ್ಲವಲ್ಲ!" ಎಂದ ಗಂಡ.

ಅವನು ಬಟ್ಟೆಯನ್ನು ಮಡಿಸಿ ಜೇಬಿಗೆ ತುರುಕಿದ.

"ಹಾಗಾದ್ರೆ ಮೀನು ಅಂತಲೇ ಇಟ್ಕೊಳ್ಳಿ. ಹೋಗಿ ನೋಡಿ."