ಕುದುರೆ ಮಾತ್ರ ಬರಲ್ಲ

ಸಿಪಾಯಿಗೆ ಒಂದು ಕಳ್ಳದಾರಿ ಇದೆ, ಇವತ್ತು ಅದನ್ನು ಕಲಿಯೋಣ ಎಂದು ಅಪ್ಪ ಜಾಲರಿಯ ಆಚೆಯಿಂದ ಹೇಳಿದ. ಮಗಳು ಈಚೆ ಬದಿಯ ಕಟ್ಟೆಯ ಮೇಲೆ ಚದುರಂಗದ ಹಾಸು ಬಿಡಿಸಿ ಕಾಯಿಗಳನ್ನು ಜೋಡಿಸಿದಳು. ಜೈಲಿನ ಜಾಲರಿಯಾಚೆ ಗುಂಡುಸೂಜಿಯನ್ನೂ ದಾಟಿಸುವಂತಿಲ್ಲ. ಹಾಗಾಗಿ ಅಪ್ಪ ಬಾಯಲ್ಲಿ ಹೇಳಬೇಕು, ಇಬ್ಬರ ಕಾಯಿಗಳನ್ನೂ ಅವಳೇ ನಡೆಸಬೇಕು. ಎದುರಾಳಿಯ ಸಿಪಾಯಿ ಮೊದಲ ನಡೆಯಲ್ಲೇ ಎರಡು ಮನೆ ದಾಟಿ ನಿನ್ನ ಸಿಪಾಯಿಯ ಪಕ್ಕ ಬಂದು ನಿಂತರೆ, ಅದು ಒಂದೇ ಮನೆ ಬಂದಿದೆ ಎಂದುಕೊಂಡು ಓರೆಯಾಗಿ ಹೊಡೆಯಬಹುದು, ಆದರೆ ಮರುನಡೆಯಲ್ಲೇ ಹೊಡೆಯಬೇಕು, ತಡಮಾಡಿದರೆ ಹಕ್ಕು ಹೋಯಿತು ಎಂದು ವಿವರಿಸಿದ. ನಡೆಯುವುದು ನೇರ, ಹೊಡೆಯುವುದು ಓರೆ, ಸಾಲದ್ದಕ್ಕೆ ಈಗ ಇದೊಂದು; ಇಷ್ಟು ಸಣ್ಣ ಕಾಯಿಗೆ ಇಷ್ಟೊಂದು ಕಾನೂನು ಯಾಕೆ ಎಂದು ಅವಳು ಕೇಳಿದಳು. ಕಾನೂನು ಇರುವುದೇ ಸಣ್ಣವರಿಗೆ ಎಂದು ಅಪ್ಪ ನಕ್ಕ.

ಅವನು ಬಸ್ ಡ್ರೈವರ್ ಆಗಿದ್ದವನು. ಕುಡಿದು ಬಸ್ಸು ಓಡಿಸಿ, ದಾರಿಯಲ್ಲಿ ಹೋಗುತ್ತಿದ್ದ ಗಂಡಹೆಂಡಿರ ಜೀವ ತೆಗೆದು ಒಳಗೆ ಬಂದಿದ್ದ. ಬರುವ ಮುಂಚೆ ಮಗಳಿಗೆ ಚದುರಂಗ ಕಲಿಸುತ್ತೇನೆಂದು ಮಾತು ಕೊಟ್ಟಿದ್ದ. ಅವಳು ಹಿಡಿದ ಹಟ ಬಿಡಲಿಲ್ಲ. ಆಟ ಪೂರ್ತಿ ಕಲಿಯುವವರೆಗೆ ಮಾತ್ರ ಕರೆತರುತ್ತೇನೆ, ಆಮೇಲೆ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟುಬಿಡಿ ಎಂದಿದ್ದಳು ಹೆಂಡತಿ.

ಅಂದಿನಿಂದ ಅವನು ಕಡ್ಡಿಯನ್ನು ಗುಡ್ಡ ಮಾಡತೊಡಗಿದ. ಆನೆ ನೇರ ಹೋಗುತ್ತದೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಅದಕ್ಕೇ ಒಂದು ಇಡೀ ಭೇಟಿ ಕಳೆದ. ಮುಂದಿನ ತಿಂಗಳು ಒಂಟೆ. ಒಂಟೆ ಯಾಕೆ ಓರೆ ಹೋಗುತ್ತದೆ ಎಂದು ಅವಳು ಕೇಳಿದ್ದಕ್ಕೆ, ಕತ್ತು ಅಷ್ಟುದ್ದ ಇದ್ದಿದ್ದರೆ ನಿನಗೂ ನೆಟ್ಟಗೆ ನಡೆಯೋಕೆ ಆಗ್ತಿರಲಿಲ್ಲ ಎಂದಿದ್ದ. ರಾಜ ಕೋಟೆ ಕಟ್ಟಿಕೊಳ್ಳುವುದಕ್ಕೆ ಇರುವ ಷರತ್ತುಗಳನ್ನು ಒಂದೊಂದಾಗಿ ಬಿಡಿಸಿ ಬೇಸಿಗೆಯನ್ನೆಲ್ಲ ತಳ್ಳಿದ. ಅವನ ಅದೃಷ್ಟಕ್ಕೆ ಮಗಳ ತಲೆಗೆ ಕುದುರೆ ಮಾತ್ರ ಹತ್ತಲೇ ಇಲ್ಲ. ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ ಎಂದು ಎಷ್ಟು ಹೇಳಿದರೂ ಅವಳ ಕುದುರೆ ಎಲ್ಲೆಲ್ಲೋ ಹೋಗಿ ನಿಲ್ಲುತ್ತಿತ್ತು. ಹುಡುಗಿ ಸ್ವಲ್ಪ ದಡ್ಡಿಯೇ ಎಂದು ಅವನಿಗೆ ಅನಿಸಿತ್ತು. ಹಾಗನಿಸಿ ಸಂತೋಷವೂ ಆಗಿತ್ತು.

ಆದರೆ ಈ ಕಳ್ಳದಾರಿಯೂ ಮುಗಿದರೆ, ಕುದುರೆಯೊಂದನ್ನು ಬಿಟ್ಟು ಹೇಳಿಕೊಡಲು ಅವನ ಬಳಿ ಇನ್ನೇನೂ ಇರಲಿಲ್ಲ. ಅದಕ್ಕೇ ಇವತ್ತು ಮೊದಲ ಸಲ ಒಂದು ಸುಳ್ಳು ನಿಯಮವನ್ನು ಹೊಸೆದುಕೊಂಡು ಬಂದಿದ್ದ. ಎರಡು ಒಂಟೆಗಳು ಎದುರುಬದುರಾದರೆ ಆಮೇಲೆ ಬಂದದ್ದು ಒಂದು ನಡೆ ಸುಮ್ಮನೆ ನಿಂತು ಮರ್ಯಾದೆ ಕೊಡಬೇಕು ಎಂದ. ಹೇಳುವಾಗ ನಾಲಿಗೆ ತೊದಲಿತು. ಮಗಳು ಅವನ ಮುಖವನ್ನೇ ನೋಡಿದಳು.

“ಮರ್ಯಾದೆ ಕೊಡದೇ ಇದ್ರೆ?”

“ಆ ಒಂಟೆ ಆಟದಿಂದ ಹೊರಗೆ.”

“ಇದು ತುಂಬಾ ಕಷ್ಟ ಅಪ್ಪ. ಮುಂದಿನ ಸಲ ಇನ್ನೊಂದು ಸರ್ತಿ ಹೇಳ್ಕೊಡು.”

ಅವನಿಗೆ ಹೋದ ಜೀವ ಬಂದಂತಾಯಿತು.

ಕಾವಲುಗಾರ ಗಡಿಯಾರ ನೋಡಿಕೊಂಡು ಕೆಮ್ಮಿದ. ಯಾವಾಗಲೂ ಬಾಗಿಲ ಬಳಿಯ ಬೆಂಚಿನಲ್ಲೇ ಕೂತಿರುತ್ತಿದ್ದ ಹೆಂಡತಿ ಇವತ್ತು ಎದ್ದು ಜಾಲರಿಯವರೆಗೂ ಬಂದಳು. ಕಲಿತಾಯಿತೇ ಎಂದು ಕೇಳಿದಳು. ಎಲ್ಲಿ ಬಂತು, ಕುದುರೆಯೇ ಇನ್ನೂ ಬಂದಿಲ್ಲ, ಅದು ಬಾರದೆ ಆಟ ಕಲಿತಂತೆ ಹೇಗಾಗುತ್ತದೆ ಎಂದು ಅವನು ಅವಸರದಲ್ಲಿ ಹೇಳಿದ.

“ಕುದುರೆ ಬರಲ್ವಾ?” ಅವಳು ದನಿ ತಗ್ಗಿಸಿದಳು. “ಹೋದ ತಿಂಗಳು ಚದುರಂಗದಲ್ಲಿ ಸ್ಕೂಲಿಗೆಲ್ಲ ಇವಳೇ ಫಸ್ಟು. ಕೊನೇ ಆಟ ಕುದುರೆಯಲ್ಲೇ ಗೆದ್ದಳು ಅಂತ ಅವರ ಮೇಷ್ಟ್ರು ಮನೆಗೇ ಬಂದು ಹೇಳಿ ಹೋದರು. ನಿಮಗೆ ಹೇಳಲಿಲ್ವಾ?”

ಶಾಲೆಗೆ ಶಾಲೆಯನ್ನೇ ಸೋಲಿಸಿದ ಹುಡುಗಿ ಅವನೆದುರು ಕೂತು ಒಂಟೆಯ ಮರ್ಯಾದೆಯ ಕಥೆಗೆ ತಲೆಯಾಡಿಸಿದ್ದಳು. ಅವನಿಗೆ ತುಂಬಾ ನಾಚಿಕೆಯಾಯಿತು. ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಇಲ್ಲಿಗೆ ಬರುವ ಹಿಂದಿನ ರಾತ್ರಿ ಹುಡುಗಿ ಕಣ್ಣು ಮುಚ್ಚುವುದಿಲ್ಲ, ಮನೆಗೆ ಹೋದ ಮೇಲೆ ದಿನಗಟ್ಟಲೆ ಊಟ ಸೇರುವುದಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ಇಷ್ಟು ದೊಡ್ಡವಳು, ಎಂದಳು.

“ಆಟ ಮುಗೀತು ಅಂತ ನೀವೇ ಹೇಳಿಬಿಡಿ. ನಾನು ಹೇಳಿದ್ರೆ ಕೇಳಲ್ಲ ಅವಳು.”

ಮಗಳಿಗೆ ಅಷ್ಟೂ ಕೇಳಿಸಿತೋ ಇಲ್ಲವೋ, ತಾಯಿಯ ಮುಖವನ್ನೊಮ್ಮೆ, ತಂದೆಯ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ, ಕುದುರೆಯನ್ನು ಎತ್ತಿ, ಇಬ್ಬರಿಗೂ ಕಾಣುವ ಹಾಗೆ ಆನೆಯಂತೆ ನೆಟ್ಟಗೆ ಮುಂದಕ್ಕೆ ಒಯ್ದು ಇಟ್ಟಳು.

“ನೋಡಮ್ಮ, ನಂಗೆ ಇನ್ನೂ ಬರಲ್ಲ. ಅಪ್ಪ, ಇದು ತಪ್ಪು ತಾನೇ? ತಪ್ಪು ಅಂತ ಹೇಳು.”

ಅಪ್ಪ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ಆ ಕುದುರೆಯನ್ನೇ ನೋಡಿದ.

“ಸರಿಯಾಗೇ ಇದೆ ಪುಟ್ಟಿ,” ಎಂದ. “ಕುದುರೆ ನಡೆಯೋದೇ ಹಾಗೆ. ನಿಂಗೆ ಎಲ್ಲಾ ಬಂತು.”