ಎಳ್ಳು ಬೆಲ್ಲ ತಿಂದ ಮೇಲೆ

ಪುಟ್ಟಗೌರಮ್ಮ ಬಾಯಿ ತೆರೆದರೆ ಬೀದಿನಾಯಿಗಳೂ ಚರಂಡಿ ಹಾರಿ ಓಡುತ್ತಿದ್ದವು. ಅವರ ಮಾತು ಅಷ್ಟು ಜೋರು, ಅಷ್ಟು ಖಾರ.

ಸಂಕ್ರಾಂತಿಯ ಬೆಳಿಗ್ಗೆ ಎದುರುಮನೆಯ ವಿಶಾಲು ತಟ್ಟೆ ಹಿಡಿದು ಬಂದಳು.

"ದೊಡ್ಡಮ್ಮ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ. ಈ ಸಲ ನಿಜವಾಗ್ಲೂ."

ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕೆಂದರು. ಪುಟ್ಟಗೌರಮ್ಮ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಆಗ್ಲಿ ಕಣಮ್ಮ. ಇವತ್ತು ಒಂದು ಒರಟು ಮಾತೂ ಆಡಲ್ಲ" ಎಂದು ಮಾತು ಕೊಟ್ಟರು.

ಮಧ್ಯಾಹ್ನ ನೀರಿನ ಟ್ಯಾಂಕರ್ ಬಂತು. ಅರ್ಧ ಬೀದಿಗೆ ನೀರು ಕೊಟ್ಟು ಡ್ರೈವರ್ ಪೈಪು ಸುತ್ತತೊಡಗಿದ.

"ಮಿಕ್ಕಿದ್ದು ಹೋಟೆಲಿಗೆ ಬೇಕು."

ಹೆಂಗಸರು ಎಷ್ಟು ಬೇಡಿಕೊಂಡರೂ ಅವನು ಕೇಳಲಿಲ್ಲ. ಎಲ್ಲರೂ ಪುಟ್ಟಗೌರಮ್ಮನ ಕಡೆ ತಿರುಗಿದರು.

"ಪಾಪ, ಅವನಿಗೇನು ಕಷ್ಟಾನೋ! ಹೋಗ್ಬಾರಪ್ಪ" ಎಂದರು ಅವರು, ಮೆಲ್ಲಗೆ.

ಡ್ರೈವರ್ ನಗುತ್ತಾ ಗಾಡಿ ಹತ್ತಿದ. ವಿಶಾಲು ಖಾಲಿ ಕೊಡವನ್ನು ಅಲ್ಲೇ ಬಿಟ್ಟು ಮನೆಯೊಳಕ್ಕೆ ಓಡಿದಳು. ಬೆಳಗಿನ ಅದೇ ತಟ್ಟೆಯಲ್ಲಿ ಹಸಿಮೆಣಸಿನಕಾಯಿ ತಂದು ಮುಂದೆ ಹಿಡಿದಳು.

"ದೊಡ್ಡಮ್ಮ, ಇದನ್ನ ತಿಂದು ಕೆಟ್ಟ ಮಾತಾಡಿ. ಬೇಗ!"